ಕ್ರಿಸ್ಮಸ್‌ನಿಂದ ಸಂಕ್ರಾಂತಿವರೆಗೆ: ಮನೆಯಲ್ಲಿ ಎರಡು ದೊಡ್ಡ ನಾಯಿ, ಇಪ್ಪತ್ತು ಜನ ನೆಂಟರು. ಏನೇನು ತಯಾರಿ ಬೇಕು?

ಬಾಲ_ಬೀಸು
ಬೆಂಗಳೂರು, ಕೆಳಮಹಡಿ ಮನೆ. ಲ್ಯಾಬ್ರಡಾರ್ ಒಂದು (ಗಂಡು, 2 ವರ್ಷ, 34 ಕೆಜಿ), ಜರ್ಮನ್ ಶೆಫರ್ಡ್ ಒಂದು (ಹೆಣ್ಣು, 3 ವರ್ಷ, 29 ಕೆಜಿ). ಎರಡೂ ಒಂದು ನಿಮಿಷ ಸುಮ್ಮನೆ ಕೂರೋ ಪೈಕಿ ಅಲ್ಲ. 24ರ ರಾತ್ರಿ ಊಟಕ್ಕೆ ಇಪ್ಪತ್ತು ಜನ, ಅದರಲ್ಲಿ ಐದು ಚಿಕ್ಕ ಮಕ್ಕಳು. ಮಂಗಳೂರಿಂದ ಅತ್ತೆ ಮನೆಯವರು ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಡಬ್ಬಿಗಳ ಸಮೇತ ಬರ್ತಾರೆ. ಹಾಲ್‌ನಲ್ಲಿ ಆರಡಿ ಮರ, ಪಕ್ಕದಲ್ಲಿ ಗೋದಲಿ (ಏಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳು). 31ಕ್ಕೆ ಬೀದಿ ತುಂಬಾ ಪಟಾಕಿ. ಅದು ಮುಗಿಯೋದ್ರೊಳಗೆ ನಮ್ಮಮ್ಮನ ಕಡೆಯ ಸಂಕ್ರಾಂತಿ. ಎರಡು ವಾರ ಬೋರ್ಡಿಂಗ್‌ಗೆ ಬಿಟ್ಟುಬಿಡು ಅಂತ ಎಲ್ಲರೂ ಹೇಳ್ತಿದ್ದಾರೆ. ನನಗೆ ಅದು ಇಷ್ಟ ಇಲ್ಲ, ಹಬ್ಬಕ್ಕೆ ಅವೂ ಮನೇಲೇ ಇರಬೇಕು. ಮರ, ಊಟ, ನೆಂಟರು, ಪಟಾಕಿ, ಯಾವುದರ ಬಗ್ಗೆ ಆದ್ರೂ ವಿವರವಾಗಿ ಹೇಳಿ.

ಮರಿ_ತರಬೇತಿ
ಮೊದಲು ಮರ. ಸ್ಟ್ಯಾಂಡ್ ಒಂದನ್ನೇ ನಂಬಬೇಡಿ, 34 ಕೆಜಿ ಲ್ಯಾಬ್ ಸುಮ್ಮನೆ ಪಕ್ಕಕ್ಕೆ ಒರಗಿದ್ರೂ ಆರಡಿ ಮರ ಉರುಳುತ್ತೆ. ಮರದ ಮುಕ್ಕಾಲು ಎತ್ತರದಲ್ಲಿ ಕಾಂಡಕ್ಕೆ ಮೀನು ಹಿಡಿಯೋ ನೈಲಾನ್ ದಾರ ಸುತ್ತಿ, ಮೂಲೆಯ ಎರಡು ಗೋಡೆಗೂ ಒಂದೊಂದು ಹುಕ್ ಹೊಡೆದು ಎರಡು ಕಡೆಗೂ ಬಿಗಿಯಾಗಿ ಕಟ್ಟಿ. ಒಂದೇ ಹುಕ್ ಇದ್ರೆ ಮರ ಆ ದಾರದ ಸುತ್ತ ತಿರುಗಿ ಪಕ್ಕಕ್ಕೆ ಬೀಳುತ್ತೆ. ಬುಡಕ್ಕೆ ಹತ್ತು ಕೆಜಿ ಮರಳಿನ ಚೀಲ.

ನೆಲದಿಂದ ಮೂರಡಿವರೆಗೆ ಬಟ್ಟೆ, ನಾರು, ಮರದ ಅಲಂಕಾರ ಮಾತ್ರ. ಗಾಜಿನ ಗುಂಡು ಎಲ್ಲಾ ಮೇಲಕ್ಕೆ. ಮಿರಿಮಿರಿ ಜರಿ ದಾರ ಮರದ ಮೇಲೆ ಎಲ್ಲೂ ಬೇಡ. ಅದನ್ನ ನುಂಗಿದ್ರೆ ಒಂದು ತುದಿ ಹೊಟ್ಟೇಲಿ ಸಿಕ್ಕಿಕೊಂಡು, ಉಳಿದದ್ದು ಕರುಳಿಗೆ ಇಳಿದು, ಕರುಳು ನೆರಿಗೆ ನೆರಿಗೆಯಾಗಿ ಮುದುಡಿ ಕೊಯ್ದುಹೋಗುತ್ತೆ. ಆಪರೇಷನ್ ಬಿಟ್ಟು ಬೇರೆ ದಾರಿ ಇರಲ್ಲ. ಸೀರಿಯಲ್ ಸೆಟ್ ವೈರನ್ನ ಗೋಡೆಗೆ ಅಂಟಿಸೋ ಪಿವಿಸಿ ಪಟ್ಟಿಯೊಳಗೆ ಹಾಕಿ, ಮಲಗೋವಾಗ ಪ್ಲಗ್ ಕಿತ್ತಿಡಿ.

ಇನ್ನೊಂದು, ಮರ ನಿಲ್ಲಿಸಿದ ದಿನಾನೇ ಅಲಂಕಾರ ಮಾಡಬೇಡಿ. ಮೂರು ದಿನ ಬೋಳು ಮರ ಇರಲಿ, ಮೂಸಿ ಮೂಸಿ ಅವಕ್ಕೇ ಬೇಜಾರಾಗುತ್ತೆ.

ಕರಾವಳಿಯವ
ಗಂಡು ನಾಯಿ ಅಂದ್ರಲ್ಲ, ಹೊರಗಿನಿಂದ ಕಡಿದು ತಂದ ಗಾಳಿಮರದ ಗೆಲ್ಲು ಆದ್ರೆ ಖಂಡಿತ ಕಾಲೆತ್ತುತ್ತದೆ ಮಾರಾಯ್ರೆ. ಅದಕ್ಕೆ ಅದು ಮರವೇ, ಹಾಲ್‌ನಲ್ಲಿದ್ರೆ ಏನು, ಬೀದಿಯಲ್ಲಿದ್ರೆ ಏನು. ಬೇರೆ ನಾಯಿಯ ವಾಸನೆಯೂ ಅದಕ್ಕೆ ಅಂಟಿಕೊಂಡಿರ್ತದೆ. ಪ್ಲಾಸ್ಟಿಕ್ ಮರ ವಾಸಿ. ಗೋದಲಿಯನ್ನು ನೆಲದಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ, ಬೈಹುಲ್ಲು ಹಾಸಿದ್ರೆ ಶೆಫರ್ಡ್ ಅದ್ರಲ್ಲೇ ಸುತ್ತು ಹಾಕಿ ಮಲಗ್ತದೆ. ಗೋಡೆಗೆ ತಾಗಿ ಮೇಜು ಇಟ್ಟು ಅದರ ಮೇಲೆ ಕಟ್ಟಿ. ಮೇಜಿನ ಬಟ್ಟೆ ಕೆಳಗೆ ಇಳಿಬಿಡಬೇಡಿ, ಅದನ್ನು ಕಚ್ಚಿ ಎಳೆದ್ರೆ ಮೂವರು ರಾಜರೂ ಕುರಿಗಳೂ ಒಟ್ಟಿಗೆ ನೆಲಕ್ಕೆ.

ಕೈತೋಟ
ಬೆಂಗಳೂರಲ್ಲಿ ನರ್ಸರಿಯಿಂದ ಕುಂಡದ ಅರೌಕೇರಿಯ (ಕ್ರಿಸ್ಮಸ್ ಗಿಡ) ತರೋರು ಜಾಸ್ತಿ. ಎಲೆ ಬಗ್ಗೆ ಅಷ್ಟು ಚಿಂತೆ ಇಲ್ಲ, ಕುಂಡದ ಮಣ್ಣಿನ ಬಗ್ಗೆ ಹುಷಾರು. ಅದಕ್ಕೆ ಹರಳು ಹಿಂಡಿ ಹಾಕಿದಾರಾ ಅಂತ ಕೇಳಿಯೇ ತನ್ನಿ. ಹರಳು ಬೀಜದ ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡೀಲಿ ರಿಸಿನ್ ಅನ್ನೋ ವಿಷ ಇರುತ್ತೆ. ಜೊತೆಗೆ ಮೂಳೆ ಪುಡಿ ಬೆರೆಸಿದ್ರಂತೂ ನಾಯಿಗೆ ಅದು ಊಟದ ವಾಸನೆ, ಕುಂಡ ಅಗೆದು ತಿನ್ನುತ್ತೆ. ವಾಂತಿ, ರಕ್ತಭೇದಿ ಶುರುವಾಗೋಕೆ ಕೆಲವು ಗಂಟೆ ಹಿಡಿಯೋದ್ರಿಂದ ಯಾರಿಗೂ ಕುಂಡದ ನೆನಪೇ ಬರಲ್ಲ. ಮೇಲಿನ ಮೂರು ಇಂಚು ಮಣ್ಣು ತೆಗೆದು ಬರೀ ಕೆಂಪು ಮಣ್ಣು ತುಂಬಿ, ಅದರ ಮೇಲೆ ಕೋಳಿ ಜಾಲರಿ ಕತ್ತರಿಸಿ ಮುಚ್ಚಿ.

ಕರಾವಳಿಯವ
ಬೇವಿನ ಹಿಂಡಿ ಆದ್ರೆ?

ಕೈತೋಟ
ರಿಸಿನ್ ಇರೋದು ಹರಳು ಹಿಂಡೀಲಿ, ಬೇವಿನದ್ರಲ್ಲಿ ಇಲ್ಲ. ಆದ್ರೆ ಅಂಗಡೀಲಿ ಎರಡನ್ನೂ ಬೆರೆಸಿ ಮಾರೋದುಂಟು. ಚೀಟಿ ಇಲ್ಲದ ಚೀಲ ತರಲೇಬೇಡಿ.

ಪಶುವೈದ್ಯೆ_ಮೈಸೂರು
ಮರದ ಬಗ್ಗೆ ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ಆದರೆ ಈ ಮೂರು ವಾರದಲ್ಲಿ ನಾಯಿಗಳು ಆಸ್ಪತ್ರೆಗೆ ಬರೋದು ಹೆಚ್ಚಾಗಿ ಬಾಯಿಯಿಂದಾಗಿ.

ಒಣದ್ರಾಕ್ಷಿ ಮೊದಲನೆಯದು. ಪ್ಲಮ್ ಕೇಕ್‌ನಲ್ಲಿ ಇರುತ್ತೆ ಅಂತ ಎಲ್ಲರಿಗೂ ಗೊತ್ತು. ನೆವ್ರಿಯ (ಕರ್ಜಿಕಾಯಿ ಥರದ ತಿಂಡಿ) ಹೂರಣದಲ್ಲೂ ಹಾಕ್ತಾರೆ, ಸಂಕ್ರಾಂತಿಯ ಸಿಹಿ ಪೊಂಗಲ್‌ನಲ್ಲೂ ತುಪ್ಪದಲ್ಲಿ ಹುರಿದು ಹಾಕ್ತಾರೆ. ಒಂದು ಕೆಜಿ ತೂಕಕ್ಕೆ ಸುಮಾರು 3 ಗ್ರಾಂ ಒಣದ್ರಾಕ್ಷಿಯಿಂದಲೇ ಮೂತ್ರಪಿಂಡ ಕೆಟ್ಟ ಉದಾಹರಣೆಗಳಿವೆ. 34 ಕೆಜಿ ಲ್ಯಾಬ್‌ಗೆ ಲೆಕ್ಕ ಹಾಕಿ: ನೂರು ಗ್ರಾಂ. ಒಣಹಣ್ಣು ಧಾರಾಳವಾಗಿ ಹಾಕಿದ ಒಂದು ಕೆಜಿ ಕೇಕ್‌ನಲ್ಲಿ ಅಷ್ಟು ಇದ್ದೇ ಇರುತ್ತೆ, ಡಬ್ಬಿ ಮುಚ್ಚಳ ತೆಗೆಯೋ ಲ್ಯಾಬ್‌ಗೆ ಐದು ನಿಮಿಷದ ಕೆಲಸ. ಇಷ್ಟರವರೆಗೆ ಪರವಾಗಿಲ್ಲ ಅನ್ನೋ ಅಳತೆಯೂ ಇಲ್ಲ, ಒಂದೊಂದು ನಾಯಿಗೆ ಒಂದೊಂದು ರೀತಿ. 2021ರಲ್ಲಿ ವೈದ್ಯರು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕು ಅಂತ ಬರೆದರು. ಆ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಪುಳಿಯೋಗರೆ ಗೊಜ್ಜು, ನೆನೆಸಿಟ್ಟ ಹುಣಸೆ ಉಂಡೆ ಕೂಡ ಕೈಗೆಟುಕದಂತೆ ಇಡಿ.

ಚಾಕೊಲೇಟ್: ಬಣ್ಣ ಕಪ್ಪಾದಷ್ಟೂ ವಿಷ ಜಾಸ್ತಿ. ಅದರಲ್ಲಿರೋ ವಿಷದ ಅಂಶ ಥಿಯೋಬ್ರೋಮಿನ್, ಒಂದು ಕೆಜಿ ತೂಕಕ್ಕೆ 20 ಮಿಲಿಗ್ರಾಂ ದಾಟಿದ್ರೆ ವಾಂತಿ, ಚಡಪಡಿಕೆ. 40 ದಾಟಿದ್ರೆ ಎದೆಬಡಿತ ಏರುಪೇರು. 60ರ ಹತ್ತಿರ ಫಿಟ್ಸ್. ನಿಮ್ಮ ಲ್ಯಾಬ್‌ಗೆ ಮೊದಲ ಮೆಟ್ಟಿಲು ಅಂದ್ರೆ ಡಾರ್ಕ್ ಚಾಕೊಲೇಟ್ ಸುಮಾರು 130 ಗ್ರಾಂ. ಕೇಕ್‌ಗೆ ತಂದಿಟ್ಟ ಕೋಕೋ ಪುಡಿಯಾದ್ರೆ 30 ಗ್ರಾಂ ಚಿಲ್ಲರೆ ಸಾಕು.

ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕೋ ಸಿಹಿ ಪದಾರ್ಥ): ಸಕ್ಕರೆ ಕಾಯಿಲೆಯವರಿಗೆ ಅಂತ ಮಾಡೋ ಸಿಹಿ, ಶುಗರ್‌ಫ್ರೀ ಚೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿ ಇರುತ್ತೆ. ಕೆಜಿಗೆ 0.1 ಗ್ರಾಂ ಸಾಕು, ಅರ್ಧ ಗಂಟೆಯಲ್ಲಿ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಬಹುದು. ನೆಂಟರ ವ್ಯಾನಿಟಿ ಬ್ಯಾಗ್‌ಗಳನ್ನ ಬಾಗಿಲಲ್ಲೇ ಇಸ್ಕೊಂಡು ಬೀರುವಿನಲ್ಲಿಡಿ. ಚೂಯಿಂಗ್ ಗಮ್ಮೂ ಅಲ್ಲೇ ಇರುತ್ತೆ, ಬಿಪಿ ಮಾತ್ರೆಯೂ ಅಲ್ಲೇ ಇರುತ್ತೆ.

ಮಲ್ಲೇಶ್ವರ_ವಾಕಿಂಗ್
ಮೇಡಂ, ಸ್ವಲ್ಪ ಅತಿಯಾಯ್ತು ಅನ್ಸುತ್ತೆ. ದ್ರಾಕ್ಷಿ ತಿಂದು ಏನೂ ಆಗದ ನಾಯಿಗಳು ಬೇಕಾದಷ್ಟಿವೆ. ತಿಂದ್ರೆ ಮೆಡಿಕಲ್ ಶಾಪ್‌ನಿಂದ ಹೈಡ್ರೋಜನ್ ಪೆರಾಕ್ಸೈಡ್ ತಂದು ಕುಡಿಸಿದ್ರೆ ಕಕ್ಕಿಬಿಡುತ್ತೆ. ಅದೂ ಇಲ್ಲದಿದ್ರೆ ಉಪ್ಪು ನೀರು.

ಪಶುವೈದ್ಯೆ_ಮೈಸೂರು
ಎರಡೂ ಮಾಡಬೇಡಿ, ದಯವಿಟ್ಟು. ಹೊರದೇಶದ ಲೇಖನಗಳಲ್ಲಿ ಬರೆದಿರೋದು 3% ಪೆರಾಕ್ಸೈಡ್ ಬಗ್ಗೆ, ಅದೂ ವೈದ್ಯರು ಫೋನಿನಲ್ಲಿ ಅಳತೆ ಹೇಳಿದ ಮೇಲೆ. ನಮ್ಮ ಮೆಡಿಕಲ್ ಶಾಪ್‌ನಲ್ಲಿ ಗಾಯ ತೊಳೆಯೋಕೆ ಕೊಡೋದು ಸಾಮಾನ್ಯವಾಗಿ 6%. ಬಾಟಲಿ ಮೇಲೆ 20 ವಾಲ್ಯೂಮ್ ಅಂತ ಇದ್ರೆ ಅದೇ. ಅನ್ನನಾಳ, ಹೊಟ್ಟೆ ಒಳಗಿಂದ ಸುಡುತ್ತೆ. ಉಪ್ಪು ನೀರು ಇನ್ನೂ ಕೆಟ್ಟದ್ದು. ವಾಂತಿ ಆಗದೇ ಹೋದ್ರೆ ಆ ಉಪ್ಪೆಲ್ಲಾ ರಕ್ತಕ್ಕೆ ಸೇರಿ ಮೆದುಳಿಗೆ ಪೆಟ್ಟು.

ಏನೂ ಆಗದ ನಾಯಿಗಳಿವೆ, ನಿಜ. ಯಾವುದಕ್ಕೆ ಆಗುತ್ತೆ ಅಂತ ಮುಂಚೆ ಹೇಳೋಕೆ ಬರಲ್ಲ, ಅದಕ್ಕೇ ಕಾಯಬಾರದು. ಏನು ತಿಂತು, ಎಷ್ಟು, ಎಷ್ಟು ಹೊತ್ತಿಗೆ ಅಂತ ಬರ್ಕೊಂಡು, ಡಬ್ಬಿ ಸಮೇತ ಎರಡು ಗಂಟೆಯೊಳಗೆ ಆಸ್ಪತ್ರೆ ತಲುಪಿದ್ರೆ ಇಂಜೆಕ್ಷನ್ ಕೊಟ್ಟು ಕಕ್ಕಿಸಬಹುದು. ದ್ರಾಕ್ಷಿ ತಿಂದ ನಾಯಿ ಮೊದಲ ದಿನ ಒಂದೆರಡು ಸಲ ವಾಂತಿ ಮಾಡಿ ಸರಿಹೋದ ಹಾಗೆ ಕಾಣುತ್ತೆ. ಮೂತ್ರ ಕಡಿಮೆಯಾಗೋದು ಎರಡನೇ, ಮೂರನೇ ದಿನ. ಅಷ್ಟೊತ್ತಿಗೆ ತಡ.

ಮಲ್ಲೇಶ್ವರ_ವಾಕಿಂಗ್
6% ವಿಷಯ ಗೊತ್ತಿರಲಿಲ್ಲ. ಮಾತು ವಾಪಸ್ ತಗೊಂಡೆ.

ಡೇನ್_ಮನೆ
ದೊಡ್ಡ ತಳಿ ಅಂದಮೇಲೆ ಹೊಟ್ಟೆ ತಿರುಚೋದರ ಬಗ್ಗೆ ಹೇಳಲೇಬೇಕು. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಶೆಫರ್ಡ್, ಡಾಬರ್‌ಮನ್, ಎದೆಗೂಡು ಆಳವಾಗಿರೋ ಎಲ್ಲದಕ್ಕೂ ಅಪಾಯ. ಹೊಟ್ಟೆ ಗಾಳಿ ತುಂಬಿ ಉಬ್ಬಿ, ತನ್ನ ಸುತ್ತ ತಾನೇ ತಿರುಗಿ ಎರಡೂ ಬಾಯಿ ಮುಚ್ಚಿಕೊಳ್ಳುತ್ತೆ. ಲಕ್ಷಣ ಇದು: ವಾಂತಿಗೆ ಓಕರಿಸುತ್ತೆ, ನೊರೆ ಜೊಲ್ಲು ಬಿಟ್ಟು ಏನೂ ಬರಲ್ಲ. ಮಲಗುತ್ತೆ, ಏಳುತ್ತೆ, ಹೊಟ್ಟೆ ಕಡೆ ತಿರುಗಿ ನೋಡುತ್ತೆ. ಪಕ್ಕೆ ತಟ್ಟಿದ್ರೆ ಡೋಲಿನ ಸದ್ದು. ಇದು ಕಂಡ್ರೆ ಓಮದ ನೀರು, ಗ್ಯಾಸ್ ಮಾತ್ರೆ ಅಂತ ಕೂರಬೇಡಿ. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತೆ, ಆಪರೇಷನ್ ಇರೋ ಆಸ್ಪತ್ರೆಗೇ ನೇರ ಹೊರಡಿ.

ಹಬ್ಬದ ದಿನ ಕೆಲಸದ ಗಡಿಬಿಡೀಲಿ ಬೆಳಗಿನ ಊಟ ತಪ್ಪಿ ರಾತ್ರಿ ಒಂದೇ ಸಲ ಬಟ್ಟಲು ತುಂಬಿಸ್ತಾರೆ. ಅದೇ ಕೆಟ್ಟದ್ದು. ಮಾಮೂಲಿ ಅಳತೆಯನ್ನ ಮೂರು ಭಾಗ ಮಾಡಿ. ಗಬಗಬ ತಿನ್ನೋದಾದ್ರೆ ಅಗಲ ತಟ್ಟೇಲಿ ಹರಡಿ, ಇಲ್ಲಾ ಉಬ್ಬುತಗ್ಗಿನ ಬಟ್ಟಲು ತನ್ನಿ. ಸಣ್ಣ ಅನ್ನೋ ಮಂಗಳೂರು ಇಡ್ಲಿಗೆ, ಬ್ರೆಡ್‌ಗೆ ಯೀಸ್ಟ್ ಹಾಕಿ ಹುದುಗಲು ಇಟ್ಟ ಹಿಟ್ಟನ್ನೂ ಎತ್ತರದಲ್ಲಿಡಿ. ನಾಯಿ ಹೊಟ್ಟೆಯ ಬಿಸಿಗೆ ಅದು ಒಳಗೇ ಉಬ್ಬುತ್ತೆ, ಜೊತೆಗೆ ಆಲ್ಕೋಹಾಲ್ ಬಿಡುತ್ತೆ.

ಮಲ್ಲೇಶ್ವರ_ವಾಕಿಂಗ್
ಬಟ್ಟಲನ್ನ ಸ್ಟೂಲ್ ಮೇಲೆ ಎತ್ತರಿಸಿ ಇಟ್ರೆ ಗಾಳಿ ನುಂಗಲ್ಲ ಅಂತಾರಲ್ಲ?

ಡೇನ್_ಮನೆ
ಹಳೇ ಸಲಹೆ ಅದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ಬಟ್ಟಲಿನಲ್ಲಿ ತಿನ್ನೋ ದೊಡ್ಡ ನಾಯಿಗಳಿಗೇ ಅಪಾಯ ಜಾಸ್ತಿ ಕಂಡಿತ್ತು. ಕುತ್ತಿಗೆ ನೋವಿನ ಮುದಿ ನಾಯಿಗೆ ವೈದ್ಯರು ಹೇಳಿದ್ರೆ ಬೇರೆ ಮಾತು. ಇಲ್ಲದಿದ್ರೆ ನೆಲದ ಮೇಲೇ ಇಡಿ. ಸಂತಾನಹರಣ ಮಾಡಿಸೋವಾಗಲೇ ಹೊಟ್ಟೆಯನ್ನ ಪಕ್ಕೆಯ ಗೋಡೆಗೆ ಹೊಲಿಸಿಬಿಟ್ರೆ ತಿರುಚೋ ಭಯ ಬಹುಪಾಲು ತಪ್ಪುತ್ತೆ, ನಿಮ್ಮ ಶೆಫರ್ಡ್‌ಗೆ ಇನ್ನೂ ಮಾಡಿಸಿಲ್ಲ ಅಂದ್ರೆ ಕೇಳಿ ನೋಡಿ.

ಮರಿ_ತರಬೇತಿ
ನೆಂಟರ ವಿಷಯಕ್ಕೆ ಬರೋಣ. ಬೆಲ್ ಆದಾಗ ಎರಡೂ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತವೆ ತಾನೇ? ಇವತ್ತಿನಿಂದಲೇ ಶುರು ಮಾಡಿ. ಹಾಲ್‌ನ ಒಂದು ಮೂಲೇಲಿ ಒಂದೊಂದಕ್ಕೂ ಬೇರೆ ಚಾಪೆ. ಬೆಲ್ ಒತ್ತಿ, ಚಾಪೆ ಮೇಲೆ ತಿಂಡಿ ಹಾಕಿ. ಬಾಗಿಲು ತೆಗೆಯೋದು ಬೇಡ. ದಿನಾ ಎರಡು ಸಲ, ಹತ್ತತ್ತು ಬೆಲ್. ನಾಲ್ಕೈದು ದಿನದಲ್ಲಿ ಬೆಲ್ ಅಂದ್ರೆ ಚಾಪೆ ಅಂತ ತಲೇಲಿ ಕೂರುತ್ತೆ. ಆಮೇಲೆ ಬಾಗಿಲು ಒಂದು ಗೇಣು ತೆಗೆದು ಅದೇ ಪಾಠ, ಕೊನೆಗೆ ಪಕ್ಕದ ಮನೆಯವರನ್ನ ನಿಲ್ಲಿಸಿ. ಒಂದೊಂದು ನಾಯಿಗೆ ಬೇರೆ ಬೇರೆ ಕಲಿಸಿ, ಆಮೇಲೆ ಜೋಡಿ.

24ರ ಸಂಜೆ ಕುತ್ತಿಗೆಗೆ ಹಗ್ಗ ಇರಲಿ, ತುದಿ ಮನೆಯ ದೊಡ್ಡವರೊಬ್ಬರ ಕೈಯಲ್ಲಿ. ಹಾರಿದ್ರೆ ಬೈಬೇಡಿ, ಮಂಡಿ ಎತ್ತಿ ತಳ್ಳಬೇಡಿ. ನೆಂಟರು ಬೆನ್ನು ತಿರುಗಿಸಿ ನಿಲ್ಲಲಿ, ನಾಲ್ಕೂ ಕಾಲು ನೆಲಕ್ಕೆ ಬಂದ ಕ್ಷಣ ಮಾತಾಡಿಸಲಿ. ಮಕ್ಕಳಿಗೆ ಒಂದೇ ನಿಯಮ: ನಾಯಿ ಚಾಪೆ ಮೇಲಿದ್ದಾಗ ಯಾರೂ ಹತ್ತಿರ ಹೋಗೋ ಹಾಗಿಲ್ಲ.

ಊಟದ ಎರಡು ಗಂಟೆ ಬೇರೆ ರೂಮು. ಖಾಲಿ ಕೈಲಿ ಕಳಿಸಬೇಡಿ, ರಬ್ಬರ್ ಬೊಂಬೆಯೊಳಗೆ ಬೇಯಿಸಿದ ಸಿಹಿಗುಂಬಳ, ಮೊಸರನ್ನ (ಒಗ್ಗರಣೆ, ಉಪ್ಪು ಇಲ್ಲದ್ದು) ತುಂಬಿ ಹಿಂದಿನ ರಾತ್ರಿಯೇ ಫ್ರೀಜರ್‌ಗೆ ಹಾಕಿ. ಗಟ್ಟಿ ಆಗಿದ್ರೆ ಮುಗಿಸೋಕೆ ನಲವತ್ತು ನಿಮಿಷ ಹಿಡಿಯುತ್ತೆ. ಒಂದೊಂದಕ್ಕೂ ಎರಡೆರಡು ಇರಲಿ, ಒಂದೇ ರೂಮಲ್ಲಿದ್ರೆ ನಡುವೆ ಅಡ್ಡ ಗೇಟ್ ಹಾಕಿ.

ಪಶುವೈದ್ಯೆ_ಮೈಸೂರು
ಲ್ಯಾಬ್ ಇರೋ ಮನೇಲಿ ಇನ್ನೊಂದು. ಇಷ್ಟು ಜನ ಬಂದ ಖುಷಿಗೆ ಗಂಟೆಗಟ್ಟಲೆ ಬಾಲ ಬೀಸಿ, ಗೋಡೆ ಮೂಲೆಗೆ, ಬಾಗಿಲ ಚೌಕಟ್ಟಿಗೆ ಬಡಿದು ತುದಿ ಒಡೆಯುತ್ತೆ. ಗಾಯ ನೋಡಿದ್ರೆ ಕಡಲೆಬೇಳೆಯಷ್ಟು. ಆದ್ರೆ ಪ್ರತಿ ಬೀಸಿಗೂ ಸುಣ್ಣದ ಗೋಡೆ ಮೇಲೆ ರಕ್ತದ ಗೆರೆ, ಸೋಫಾ ಮೇಲೆ ಚುಕ್ಕೆ. ಒಣಗಿ ಹೊಪ್ಪಳೆ ಕಟ್ಟೋಕೆ ಬಿಡದೆ ಮತ್ತೆ ಬಡಿಯುತ್ತೆ. ಸಲೈನ್‌ನಲ್ಲಿ ತೊಳೆದು, ಅಂಟದ ಗಾಜ್ ಸುತ್ತಿ, ಮೇಲೆ ಹತ್ತಿ ಪದರ, ಅದರ ಮೇಲೆ ಸಡಿಲವಾಗಿ ಬ್ಯಾಂಡೇಜ್. ಬ್ಯಾಂಡೇಜನ್ನ ಬಾಲದ ಕೂದಲ ಜೊತೆ ಸೇರಿಸಿ ಟೇಪ್ ಹಾಕದಿದ್ರೆ ಎರಡು ಬೀಸಿಗೆ ಹಾರಿಹೋಗುತ್ತೆ. ಬಿಗಿ ಸುತ್ತಿದ್ರೆ ತುದಿ ಕೊಳೆಯುತ್ತೆ, ದಿನಾ ಬಿಚ್ಚಿ ನೋಡಿ.

ಹಬ್ಬಕ್ಕೆ ಸ್ನಾನ ಮಾಡಿಸೋದಾದ್ರೆ 22ಕ್ಕೇ, ಮಧ್ಯಾಹ್ನ, ಉಗುರುಬೆಚ್ಚಗಿನ ನೀರಲ್ಲಿ. ತಣ್ಣೀರಾದ್ರೆ ಲ್ಯಾಬ್‌ನ ಬಾಲ ಬುಡದಲ್ಲಿ ನೋವಾಗಿ ಎರಡು ಮೂರು ದಿನ ಜೋತು ಬೀಳೋದುಂಟು. ಶೆಫರ್ಡ್‌ನ ಒಳಕೂದಲು ಪೂರ್ತಿ ಒಣಗದಿದ್ರೆ ಚರ್ಮ ಬೆಂದು ಗಾಯ.

ಮುಧೋಳ_ಪ್ರೇಮಿ
ಎಲ್ಲಾರೂ ಲ್ಯಾಬ್, ಶೆಫರ್ಡ್ ಅಂತೀರಿ, ನಮ್ಮ ಮುಧೋಳ ನಾಯಿನೂ ಎತ್ತರದ್ದ ಐತ್ರಿ. ಮೈಯಾಗ ಕೊಬ್ಬ ಇಲ್ಲ, ಕೂದಲ ತೆಳು, ಡಿಸೆಂಬರ್ ಥಂಡಿ ತಡಕೊಳ್ಳಂಗಿಲ್ರಿ. ರಾತ್ರಿ ಗೋಣಿಚೀಲ, ಅದರ ಮ್ಯಾಲ ಹಳೇ ಕೌದಿ ಹಾಸ್ರಿ. ಬರೇ ಟೈಲ್ಸ್ ಮ್ಯಾಲ ಮಲಗಿದ್ರ ಮೊಣಕೈ ಎಲುಬು ಒತ್ತಿ ಹುಣ್ಣ ಆಗ್ತಾವ. ಮತ್ತ, ಗೇಟ್ ಮೂರಡಿ ಇದ್ರ ಇವಕ್ಕ ಲೆಕ್ಕಕ್ಕಿಲ್ಲ, ನಿಂತಲ್ಲೇ ಹಾರತಾವ. ಪಟಾಕಿ ಸಪ್ಪಳಕ್ಕ ಓಡಿದ್ರ ಹಿಡಿಯೋದು ಯಾರ ಕೈಲೂ ಆಗಂಗಿಲ್ಲ. ಕುತ್ತಿಗಿ ತೆಲಿಗಿಂತ ದಪ್ಪ ಇರತೈತಿ, ಮಾಮೂಲಿ ಪಟ್ಟಾ ಜಾರತೈತಿ. ಅಗಲ ಪಟ್ಟಾ ಹಾಕ್ರಿ, ಎಳದ್ರ ಸ್ವಲ್ಪ ಬಿಗಿ ಆಗೋ ಅಂಥಾದ್ದು.

ಬಾಲ_ಬೀಸು
ನಮ್ಮ ಎರಡಕ್ಕೂ ಸ್ವೆಟರ್ ಬೇಕಾ ಹಾಗಾದ್ರೆ? ಅತ್ತಿಗೆ ಹೆಣೆದು ತರ್ತಿದ್ದಾರೆ.

ಮುಧೋಳ_ಪ್ರೇಮಿ
ಲ್ಯಾಬ್‌ಗೆ, ಶೆಫರ್ಡ್‌ಗೆ ಎರಡ ಪದರ ಕೂದಲ ಐತ್ರಿ. ಬೆಂಗಳೂರಿನ 15 ಡಿಗ್ರಿ ಅವಕ್ಕ ಹಬ್ಬ ಇದ್ದಂಗ. ಫೋಟೋಕ್ಕ ಹಾಕಿ ತಗೀರಿ.

ಟೊರೊಂಟೊ_ಕನ್ನಡ
ಇಲ್ಲಿ ನಮಗೆ ಬೇರೆಯದೇ ಗೋಳು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಪಾದ ಬಿರಿಯುತ್ತದೆ, ನೆಕ್ಕಿದರೆ ವಾಂತಿ. ಬಾಗಿಲಲ್ಲಿ ಬೆಚ್ಚನೆ ನೀರಿನ ಟಬ್ ಇಟ್ಟು ನಾಲ್ಕೂ ಪಾದ ಅದ್ದಿ, ಬೆರಳ ಸಂದಿ ಒರೆಸಿಯೇ ಒಳಗೆ ಬಿಡಬೇಕು. ಗ್ಯಾರೇಜಿನಲ್ಲಿ ಕಾರಿನ ಆಂಟಿಫ್ರೀಜ್ ಸೋರಿದ್ದರೆ ತಕ್ಷಣ ಒರೆಸಿ. ಸಿಹಿ ಇರುತ್ತದೆ, ನಾಯಿ ನೆಕ್ಕುತ್ತದೆ, ಮೂತ್ರಪಿಂಡಕ್ಕೆ ಮಾರಕ.

ಕರಾವಳಿಯವ
ಪಟಾಕಿ ಬಗ್ಗೆ ಯಾರೂ ಹೇಳ್ಲಿಲ್ಲ ಸರಿಯಾಗಿ. 2018ರಲ್ಲಿ ಸುಪ್ರೀಂ ಕೋರ್ಟ್ ಕ್ರಿಸ್ಮಸ್‌ಗೂ ಹೊಸ ವರ್ಷಕ್ಕೂ ರಾತ್ರಿ 11:55ರಿಂದ 12:30ರವರೆಗೆ ಮಾತ್ರ ಅಂತ ಹೇಳಿದ್ದುಂಟು. ಸಂಜೆ ಏಳಕ್ಕೇ ಶುರು ಮಾಡುವವರು ಇದ್ದೇ ಇರ್ತಾರೆ, ಹಾಗಾಗಿ ಆರೂವರೆಯೊಳಗೆ ವಾಕಿಂಗ್, ಮೂತ್ರ ಎಲ್ಲ ಮುಗಿಸಿ. ಆಮೇಲೆ ಗೇಟಿನ ಬೀಗ ಹಾಕಿ.

ಪಶುವೈದ್ಯೆ_ಮೈಸೂರು
ಸರಿಯಾಗಿ ಹೇಳಿದ್ರಿ. ಕಿಟಕಿ ಕಡಿಮೆ ಇರೋ ಒಳಕೋಣೆ, ಇಲ್ಲಾ ಬಚ್ಚಲುಮನೆ. ಕಿಟಕಿಗೆ ದಪ್ಪ ಕಂಬಳಿ, ಫ್ಯಾನ್ ಜೋರಾಗಿ, ಟಿವಿ ಮಾಮೂಲಿ ಸದ್ದಿನಲ್ಲಿ. ನಡುಗುತ್ತಾ ಹತ್ತಿರ ಬಂದ್ರೆ ತಬ್ಬಿಕೊಳ್ಳಿ. ಸಮಾಧಾನ ಮಾಡಿದ್ರೆ ಭಯ ಜಾಸ್ತಿಯಾಗುತ್ತೆ ಅನ್ನೋದು ಸುಳ್ಳು.

ಬಾಗಿಲು ಪರಚೋವಷ್ಟು ಭಯ ಇದ್ರೆ ಮಾತ್ರೆ ಇದೆ, ಗ್ಯಾಬಾಪೆಂಟಿನ್, ಟ್ರಾಜೊಡೋನ್. ಈ ವಾರವೇ ನಿಮ್ಮ ಡಾಕ್ಟರ್ ಹತ್ರ ಬರೆಸಿಕೊಂಡು, 31ಕ್ಕಿಂತ ಮುಂಚೆ ಒಂದು ದಿನ ಕೊಟ್ಟು ನೋಡಿ. ಎಷ್ಟು ಹೊತ್ತಿಗೆ ಹಿಡಿಯುತ್ತೆ, ಎಷ್ಟು ಮಂಪರು ಬರುತ್ತೆ ಅಂತ ಗೊತ್ತಾಗುತ್ತೆ. ಪಟಾಕಿ ಶುರುವಾದ ಮೇಲೆ ಕೊಟ್ರೆ ಪ್ರಯೋಜನ ಕಡಿಮೆ. ಮನುಷ್ಯರ ಸಿರಪ್ ಕೊಡಬೇಡಿ, ಕೆಲವದರಲ್ಲಿ ಕ್ಸೈಲಿಟಾಲ್ ಇರುತ್ತೆ. ಅಸೆಪ್ರೊಮಜಿನ್ ಒಂದನ್ನೇ ಕೊಟ್ಟು ಮಲಗಿಸೋದನ್ನ ನಾನು ಒಪ್ಪಲ್ಲ. ಮೈ ಅಲ್ಲಾಡಲ್ಲ, ಒಳಗೆ ಭಯ ಹಾಗೇ ಇರುತ್ತೆ.

ಮಲ್ಲೇಶ್ವರ_ವಾಕಿಂಗ್
ವಿಷಯ ಬೇರೆ, ಕ್ಷಮಿಸಿ. ದೊಡ್ಡ ನಾಯಿನ ರೈಲಲ್ಲಿ ಮಂಗಳೂರಿಗೆ ಕರ್ಕೊಂಡು ಹೋಗಬಹುದಾ?

ಡೇನ್_ಮನೆ
ಫಸ್ಟ್ ಎಸಿಯಲ್ಲಿ ಎರಡು ಬರ್ತಿನ ಕೂಪೆ ಅಥವಾ ನಾಲ್ಕು ಬರ್ತಿನ ಕ್ಯಾಬಿನ್ ಪೂರ್ತಿ ನಿಮ್ಮದೇ ಆಗಿದ್ರೆ ಮಾತ್ರ ಜೊತೇಲಿ ಬಿಡ್ತಾರೆ. ಇಲ್ಲದಿದ್ರೆ ಗಾರ್ಡ್ ಬೋಗಿಯ ನಾಯಿಪೆಟ್ಟಿಗೆ, ಡೇನ್ ಗಾತ್ರದ್ದು ಅದರಲ್ಲಿ ಹಿಡಿಸಲ್ಲ. ಕಾರಲ್ಲಾದ್ರೆ ಶಿರಾಡಿ ಘಾಟಿಯ ತಿರುವು ನೆನಪಿರಲಿ, ಹೊರಡೋ ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ.

ಕೈತೋಟ
ಸಂಕ್ರಾಂತಿಗೆ ನನ್ನ ಎರಡು ಮಾತು. ಕಬ್ಬಿನ ತುಂಡು ಕೊಡೋರಿದ್ದಾರೆ, ಬೇಡ. ಸಿಬಿರು ಮೇಲಿನ ಹಲ್ಲುಗಳ ನಡುವೆ ಅಂಗುಳಿಗೆ ಅಡ್ಡ ಸಿಕ್ಕಿಕೊಳ್ಳುತ್ತೆ. ನಾಯಿ ಮುಂಗಾಲಲ್ಲಿ ಬಾಯಿ ಉಜ್ಜುತ್ತಾ ಜೊಲ್ಲು ಸುರಿಸ್ತಿದ್ರೆ ತುಟಿ ಎತ್ತಿ ಅಲ್ಲೇ ನೋಡಿ. ಎಳ್ಳುಬೆಲ್ಲ ಒಂದು ಚಿಟಿಕೆ ಬಿದ್ದಿದ್ದು ನೆಕ್ಕಿದ್ರೆ ತೊಂದರೆ ಇಲ್ಲ. ಬೀರೋಕೆ ಕಟ್ಟಿಟ್ಟ ಪೊಟ್ಟಣಗಳ ತಟ್ಟೆ ಟೀಪಾಯಿ ಮೇಲಿದ್ರೆ ಲ್ಯಾಬ್ ಪ್ಲಾಸ್ಟಿಕ್ ಸಮೇತ ಹತ್ತು ನುಂಗುತ್ತೆ. ಕಡಲೆಬೀಜ, ಕೊಬ್ಬರಿಯ ಜಿಡ್ಡಿಗೆ ಹೊಟ್ಟೆ ಕೆಟ್ಟು, ಮೇದೋಜೀರಕ ಗ್ರಂಥಿ ಊದೋದೂ ಉಂಟು.

ಗಾಳಿಪಟದ ಮಾಂಜಾ ದಾರ ಇನ್ನೊಂದು. ನೈಲಾನ್ ಮಾಂಜಾವನ್ನ 2017ರಲ್ಲಿ ಹಸಿರು ನ್ಯಾಯಮಂಡಳಿ ನಿಷೇಧಿಸಿದ್ರೂ ಟೆರೇಸಿನಲ್ಲಿ, ಪಾರ್ಕಿನ ಹುಲ್ಲಲ್ಲಿ ತುಂಡುಗಳು ಬಿದ್ದಿರುತ್ತೆ. ಓಡೋ ನಾಯಿಯ ಬೆರಳ ಸಂದಿ ಬ್ಲೇಡಿನ ಹಾಗೆ ಕೊಯ್ಯುತ್ತೆ.

ಪಶುವೈದ್ಯೆ_ಮೈಸೂರು
ಕೊಯ್ದರೆ ಶುಭ್ರ ಬಟ್ಟೆ ಒತ್ತಿ ಹತ್ತು ನಿಮಿಷ ಬಿಡದೆ ಹಿಡೀರಿ, ನಡುವೆ ತೆಗೆದು ನೋಡಬೇಡಿ. ದಾರ ನುಂಗಿ, ತುದಿ ಗುದದ್ವಾರದಲ್ಲೋ ನಾಲಿಗೆ ಕೆಳಗೋ ಕಂಡ್ರೆ ಎಳೀಬೇಡಿ. ಮೇಲೆ ಜರಿ ದಾರಕ್ಕೆ ಹೇಳಿದ ಕಥೆಯೇ.

ಬಾಲ_ಬೀಸು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಾಪೆ ಪಾಠ ಇವತ್ತು ಸಂಜೆಯಿಂದಲೇ. ಒಂದೇ ಪ್ರಶ್ನೆ ಉಳೀತು: 24ಕ್ಕೆ ಹಂದಿ ಮಾಂಸ, ಕೋಳಿ ಎರಡೂ ಇದೆ. ಅವಕ್ಕೂ ಹಬ್ಬದ ಊಟ ಅಂತ ಏನಾದ್ರೂ ಕೊಡಬೇಕು ನನಗೆ. ಏನು ಕೊಡಲಿ?

ಕರಾವಳಿಯವ
ಹಂದಿಯ ಕೊಬ್ಬು ತುಂಬಿದ ತುಂಡು, ಮಸಾಲೆ ಗ್ರೇವಿ, ಬೆಂದ ಮೂಳೆ ಯಾವುದೂ ಬೇಡ. ಬೆಂದ ಕೋಳಿ ಮೂಳೆ ಚೂರಿಯ ಹಾಗೆ ಸೀಳ್ತದೆ. ಮಸಾಲೆ ಹಾಕುವ ಮೊದಲೇ ಅರ್ಧ ಕೆಜಿ ಮೂಳೆಯಿಲ್ಲದ ಕೋಳಿ ಬೇರೆ ತೆಗೆದಿಡಿ. ಉಪ್ಪು, ನೀರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ, ಅನ್ನ ಮತ್ತು ಕ್ಯಾರೆಟ್ ಜೊತೆ ಕಲಸಿ ಎರಡು ಪಾಲು ಮಾಡಿ. ಅವತ್ತಿನ ಮಾಮೂಲಿ ಊಟದಲ್ಲಿ ಅಷ್ಟೇ ಕಡಿಮೆ ಮಾಡಿ. ಮತ್ತೆ, ಮೂಳೆಯ ಕಸದ ಚೀಲ ರಾತ್ರಿಯೇ ಗೇಟಿನ ಹೊರಗೆ ಹೋಗ್ಬೇಕು, ಅಡುಗೆಮನೆಯಲ್ಲಿ ಬೆಳಗಿನವರೆಗೆ ಇಡ್ಬೇಡಿ.

ಬಾಲ_ಬೀಸು
ಹೊರಗಿಟ್ರೆ ಬೀದಿನಾಯಿಗಳು ಹರಿದು ತಿಂತವೆ, ಅವಕ್ಕೂ ಅದೇ ಮೂಳೆ ತಾನೇ?

ಕರಾವಳಿಯವ
ಹೌದು, ಅದು ನನ್ನ ತಪ್ಪು. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬದಲ್ಲಿ ತುಂಬಿ ಫ್ರೀಜರ್‌ನಲ್ಲಿಡಿ, ಬೆಳಿಗ್ಗೆ ಕಸದ ಗಾಡಿ ಬಂದಾಗ ಕೈಗೇ ಕೊಡಿ.